ಕ್ಯಾಮೆರಾಗೂ ಒಂದು ‘ಮಾಮೂಲಿ’ ಹೇಳಿಕೊಡಿ

ಆಗಸ್ಟ್ ತಿಂಗಳ ಒಂದು ಶನಿವಾರ ರಾತ್ರಿ ಶಿವಮೊಗ್ಗದಲ್ಲಿ ಯಕ್ಷಗಾನದ ಫೋಟೊ ತೆಗೆದೆ. ಮಾರನೆಯ ದಿನ ಬೆಳಗ್ಗೆ ಆರೂವರೆಗೆ ಮಂಡಗದ್ದೆ ಪಕ್ಷಿಧಾಮದಲ್ಲಿದ್ದೆ. ತುಂಗೆ ಕೆಂಪಗೆ ತುಂಬಿ ಹರಿಯುತ್ತಿತ್ತು. ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆಗಳ ಗಲಾಟೆ. ಒಂದು ಬೆಳ್ಳಕ್ಕಿ ಗೂಡಿಗೆಂದು ಕಡ್ಡಿ ಕಚ್ಚಿಕೊಂಡು ಸೀದಾ ನನ್ನ ಕಡೆಗೇ ಹಾರಿ ಬಂತು. ಅದು ತಿರುಗಿ ಹೋಗುವ ತನಕ ಶಟರ್ ಒತ್ತುತ್ತಲೇ ಇದ್ದೆ. ತುಂತುರು ಮಳೆ ಇತ್ತು, ಕ್ಯಾಮೆರಾ ಪ್ಲಾಸ್ಟಿಕ್ ಕವರಿನೊಳಗೆ ಇತ್ತು. ಹಿಂದಿನ ಸ್ಕ್ರೀನ್ ನೋಡುವ ಗೋಜಿಗೆ ಹೋಗಲಿಲ್ಲ.

ಮನೆಗೆ ಬಂದು ನೋಡಿದರೆ ಹಕ್ಕಿ ನೀಲಿ, ಮರ ನೀಲಿ, ಕೆಂಪಗಿದ್ದ ತುಂಗೆಯೂ ನೀಲಿ. ರೆಕ್ಕೆ ಇರಬೇಕಾದ ಜಾಗದಲ್ಲಿ ಬರೀ ಬಿಳಿ ಹೊಗೆ. ಫೋಕಸ್ ಹಕ್ಕಿಯನ್ನು ಬಿಟ್ಟು ಹಿಂದಿನ ಕೊಂಬೆಯ ಮೇಲೆ ಕೂತಿತ್ತು. ಆಗಿದ್ದಿಷ್ಟೇ. ಹಗಲಾಯಿತಲ್ಲ ಅಂತ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಅದೊಂದನ್ನು ಆಟೋಗೆ ಹಾಕಿದ್ದೆ. ರಂಗದ ದೀಪದ ಬಣ್ಣಕ್ಕೆ ಹೊಂದಿಸಿದ್ದ ವೈಟ್ ಬ್ಯಾಲೆನ್ಸ್, ಸೆಕೆಂಡಿನ 1/250 ಭಾಗ ಮಾತ್ರ ತೆರೆಯುವ ಶಟರ್, ಒಂದೇ ಬಿಂದುವಿಗೆ ಬೀಗ ಹಾಕಿಕೊಳ್ಳುವ ಫೋಕಸ್, ಇವು ಮೂರೂ ರಾತ್ರಿ ಇದ್ದ ಹಾಗೇ ಇದ್ದವು. ಸೆನ್ಸರ್ ಕಂಡದ್ದನ್ನೆಲ್ಲ ಇಟ್ಟುಕೊಳ್ಳುವ ರಾ ಫೈಲ್ ಇದ್ದದ್ದರಿಂದ ನೀಲಿಯನ್ನು ಕಂಪ್ಯೂಟರಿನಲ್ಲಿ ತೊಳೆದೆ. ರೆಕ್ಕೆಯನ್ನು ಮಾತ್ರ ಯಾವ ಸಾಫ್ಟ್‌ವೇರೂ ವಾಪಸ್ ತಂದುಕೊಡಲಿಲ್ಲ.

ಕ್ಯಾನನ್ ಕ್ಯಾಮೆರಾದ ಮೋಡ್ ಡಯಲ್ ಮೇಲೆ ಸಿ1, ಸಿ2, ಸಿ3 ಅಂತ ಬರೆದಿರುವ ಕಸ್ಟಮ್ ಮೋಡ್‌ಗಳು ಇರುವುದು ಇಂಥ ಬೆಳಗ್ಗೆಗಳಿಗಾಗಿಯೇ. ನಿಕಾನ್‌ನಲ್ಲಿ ಅದು ಯು1, ಯು2. ಸೋನಿಯಲ್ಲಿ ಬರೀ 1, 2, 3. ಹೆಚ್ಚಿನವರು ಕ್ಯಾಮೆರಾ ತಗೊಂಡು ನಾಲ್ಕು ವರ್ಷ ಕಳೆದರೂ ಆ ಕಡೆ ಡಯಲ್ ತಿರುಗಿಸಿರುವುದಿಲ್ಲ. ನಾನೂ ಅದೇ ಗುಂಪಿನವನಾಗಿದ್ದೆ.

ವಿಷಯ ಸರಳ. ನೀವು ದಿನಾ ಹೋಗುವ ಹೋಟೆಲಿನಲ್ಲಿ ಕೂತ ತಕ್ಷಣ ಮಾಣಿ ಒಳಗೆ ಕೂಗುತ್ತಾನೆ ನೋಡಿ, ‘ಮೂರನೇ ಟೇಬಲ್ಲಿಗೆ ಮಾಮೂಲಿ!’ ಅಂತ. ಎರಡು ಇಡ್ಲಿ, ಒಂದು ವಡೆ, ಸಾಂಬಾರ್ ಬೇರೆ ಬಟ್ಟಲಿಗೆ, ಕಾಫಿಗೆ ಸಕ್ಕರೆ ಕಮ್ಮಿ. ಇಷ್ಟೂ ಆ ಒಂದು ಮಾತಿನೊಳಗೆ ಬಂತು. ಕಸ್ಟಮ್ ಮೋಡ್ ಅಂದರೆ ನೀವು ಕ್ಯಾಮೆರಾಗೆ ಕಲಿಸಿಕೊಡುವ ‘ಮಾಮೂಲಿ’. ಶಟರ್, ಅಪರ್ಚರ್ (ಲೆನ್ಸಿನ ಕಣ್ಣು ಎಷ್ಟು ತೆರೆಯಬೇಕು ಅನ್ನುವುದು), ಐಎಸ್‌ಒ, ಫೋಕಸ್ ರೀತಿ, ಫೋಕಸ್ ಬಿಂದು, ಒಂದೇ ಫೋಟೊನಾ ಸಾಲಾಗಿ ಹತ್ತಾ, ವೈಟ್ ಬ್ಯಾಲೆನ್ಸ್, ಬೆಳಕು ಅಳೆಯುವ ಮೀಟರಿಂಗ್, ಜೆಪೆಗ್ಗಾ ರಾನಾ ಎಲ್ಲವನ್ನೂ ಒಂದು ಸಲ ಹೇಳಿಕೊಟ್ಟರೆ ಆಯಿತು. ಆಮೇಲೆ ಡಯಲ್ ಒಂದು ಸಲ ಕಟ್ ಅಂದರೆ ಎಲ್ಲವೂ ಒಟ್ಟಿಗೆ ಬಂದು ಕೂರುತ್ತವೆ.

ಏನನ್ನು ಉಳಿಸಬೇಕು, ಏನನ್ನು ಬಿಡಬೇಕು

ತಂಗಿಯ ಮಗ ಈಚೆಗೆ ಒಂದು ನಿಕಾನ್ ಡಿ7500 ಸೆಕೆಂಡ್‌ಹ್ಯಾಂಡಲ್ಲಿ ತಗೊಂಡ. ಬಂದವನೇ ಕೇಳಿದ.

‘ಮಾವ, ಈ ಯು1ಗೆ ಏನು ಹಾಕಲಿ? ಬೆಸ್ಟ್ ಸೆಟಿಂಗ್ ಯಾವುದು ಹೇಳಿಬಿಡಿ.’

‘ಬೆಸ್ಟ್ ಅಂತ ಒಂದಿದ್ದಿದ್ದರೆ ಕಂಪನಿಯವರೇ ಹಾಕಿ ಕಳಿಸುತ್ತಿದ್ದರಲ್ಲ ಮಾರಾಯ’ ಅಂದೆ.

ಎಲ್ಲರೂ ಎಡವುವುದು ಇಲ್ಲೇ. ಒಂದು ದಿನ ಒಂದು ಚೆಂದದ ಫೋಟೊ ಬರುತ್ತದೆ. ಅದರ ಅಂಕಿಗಳನ್ನೆಲ್ಲ ಹಾಗೆ ಹಾಗೇ ಸಿ1ಗೆ ತುಂಬಿಬಿಡುತ್ತಾರೆ. ಮುಂದಿನ ವಾರ ಅದೇ ಜಾಗದಲ್ಲಿ ಮೋಡ ಕವಿದಿರುತ್ತದೆ, ಫೋಟೊ ಕಪ್ಪಗೆ ಬರುತ್ತದೆ. ‘ಈ ಕಸ್ಟಮ್ ಮೋಡೆಲ್ಲ ಸುಮ್ನೆ’ ಅಂತ ಅಲ್ಲಿಗೆ ಕೈಬಿಡುತ್ತಾರೆ.

ಕ್ಯಾಮೆರಾದ ಸೆಟಿಂಗ್‌ಗಳಲ್ಲಿ ಎರಡು ಜಾತಿ ಇವೆ. ಮೊದಲನೆಯವು ಎದುರಿಗಿರುವ ಪ್ರಾಣಿಯ ಸ್ವಭಾವಕ್ಕೆ ಸೇರಿದವು. ಬೆಳ್ಳಕ್ಕಿ ರೆಕ್ಕೆ ಬಡಿಯುವ ವೇಗ ಜುಲೈನಲ್ಲೂ ಅದೇ, ಅಕ್ಟೋಬರಿನಲ್ಲೂ ಅದೇ. ಆ ರೆಕ್ಕೆಯನ್ನು ನಿಲ್ಲಿಸಲು ಬೇಕಾದ ಶಟರ್, ಹಕ್ಕಿಯನ್ನು ಬೆನ್ನಟ್ಟುವ ಫೋಕಸ್, ಸಾಲಾಗಿ ತೆಗೆಯುವ ಡ್ರೈವ್ ಇವು ಬದಲಾಗುವುದಿಲ್ಲ. ಎರಡನೆಯವು ಬೆಳಕಿಗೆ ಸೇರಿದವು. ನಮ್ಮ ಕಡೆ ಬೆಳಕನ್ನು ನಂಬುವ ಹಾಗಿಲ್ಲ. ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಮೇಲೆ ನಿಂತವರಿಗೆ ಇದು ಗೊತ್ತು. ಈಗ ಕಂಡ ಬೆಟ್ಟ ಎರಡು ನಿಮಿಷ ಕಳೆದರೆ ಮಂಜಿನೊಳಗೆ ಹೋಗಿರುತ್ತದೆ.

ಹಾಗಾಗಿ ಸ್ವಭಾವದ ಸೆಟಿಂಗ್‌ಗಳನ್ನು ಮೋಡ್‌ನಲ್ಲಿ ಉಳಿಸಿ. ಬೆಳಕಿನವನ್ನು ಆಟೋ ಐಎಸ್‌ಒಗೋ ಹೆಬ್ಬೆರಳಿಗೋ ಬಿಡಿ. ಈ ಒಂದು ಭೇದ ತಲೆಗೆ ಹೋದರೆ ಯಾರ ಸೆಟಿಂಗನ್ನೂ ಕಾಪಿ ಹೊಡೆಯಬೇಕಾಗಿಲ್ಲ.

ನನ್ನ ಮೂರು ಮೋಡ್‌ಗಳು

ಸಿ1 ಹಾರುವ ಹಕ್ಕಿಗೆ. ಮ್ಯಾನ್ಯುಯಲ್ ಮೋಡ್, ಶಟರ್ 1/2000, ಅಪರ್ಚರ್ ಲೆನ್ಸ್ ಕೊಟ್ಟಷ್ಟು ತೆರೆದು ಅಥವಾ ಅದಕ್ಕಿಂತ ಒಂಚೂರು ಮುಚ್ಚಿ. ಐಎಸ್‌ಒ ಆಟೋ, ಮೇಲಿನ ಮಿತಿ 6400. ಫೋಕಸ್ ಸದಾ ಬೆನ್ನಟ್ಟುವಂಥದ್ದು, ಕ್ಯಾನನ್‌ನಲ್ಲಿ ಅದಕ್ಕೆ ಎಐ ಸರ್ವೋ ಅಥವಾ ಬರೀ ಸರ್ವೋ ಅನ್ನುತ್ತಾರೆ, ನಿಕಾನ್ ಮತ್ತು ಸೋನಿಯಲ್ಲಿ ಎಎಫ್-ಸಿ. ಫೋಕಸ್ ಬಿಂದು ಒಂದೇ ಬೇಡ, ನಡುವಿನ ಒಂದು ಗುಂಪು ಇರಲಿ. ಕಣ್ಣು ಗುರುತಿಸುವ ಹೊಸ ಮಿರರ್‌ಲೆಸ್ ಆದರೆ ಅದನ್ನು ‘ಪ್ರಾಣಿ, ಹಕ್ಕಿ’ಗೆ ಹಾಕಿಟ್ಟು ಉಳಿಸಿ. ವೈಟ್ ಬ್ಯಾಲೆನ್ಸ್ ಆಟೋ. ಸಾಲು ಫೋಟೊ, ಅತಿ ವೇಗ.

ಮ್ಯಾನ್ಯುಯಲ್ ಅಂದ ಮೇಲೆ ಆಟೋ ಐಎಸ್‌ಒ ಯಾಕೆ ಅಂತ ಕೇಳಬಹುದು. ಶಟರ್ ಮತ್ತು ಅಪರ್ಚರ್ ನನ್ನ ಹಟ, ಬೆಳಕಿನ ಲೆಕ್ಕ ಕ್ಯಾಮೆರಾದ್ದು. ಹಕ್ಕಿ ಬಿಸಿಲಿನಿಂದ ಮರದ ನೆರಳಿಗೆ ನುಗ್ಗಿದರೂ ಶಟರ್ 1/2000 ಬಿಟ್ಟು ಕದಲುವುದಿಲ್ಲ. ಐಎಸ್‌ಒ ಮಾತ್ರ ಏರಿಳಿಯುತ್ತದೆ. ಫೋಟೊ ಸ್ವಲ್ಪ ಕಾಳುಕಾಳಾಗಿ ಬಂದರೆ ಬರಲಿ. ರೆಕ್ಕೆ ಹೊಗೆಯಾಗುವುದಕ್ಕಿಂತ ಅದು ವಾಸಿ.

ಇಲ್ಲಿ ಒಂದು ಕಡೆ ಸ್ವಲ್ಪ ನಿಧಾನಿಸಬೇಕು, ಎಕ್ಸ್‌ಪೋಶರ್ ಕಾಂಪನ್ಸೇಶನ್ ಹತ್ತಿರ, ಅಂದರೆ ಕ್ಯಾಮೆರಾ ಹಾಕಿದ ಬೆಳಕಿನ ಲೆಕ್ಕವನ್ನು ನಾವು ಪ್ಲಸ್, ಮೈನಸ್ ಮಾಡುವ ಜಾಗದಲ್ಲಿ. ಕ್ಯಾಮೆರಾದ ಮೀಟರಿಗೆ ಬೆಳ್ಳಕ್ಕಿಯೂ ಗೊತ್ತಿಲ್ಲ, ಆನೆಯೂ ಗೊತ್ತಿಲ್ಲ. ಅದಕ್ಕೆ ಜಗತ್ತೆಲ್ಲ ಒಂದು ಹದವಾದ ಬೂದು ಬಣ್ಣ. ಫ್ರೇಮಿನ ಒಟ್ಟು ಲೆಕ್ಕವನ್ನು ಆ ಬೂದಿಗೆ ತಂದು ನಿಲ್ಲಿಸುವುದೇ ಅದರ ಕೆಲಸ. ಮಂಡಗದ್ದೆಯಲ್ಲಿ ಬೆಳ್ಳಕ್ಕಿ ದೂರದಲ್ಲಿದೆ ಅಂದುಕೊಳ್ಳಿ. ಫ್ರೇಮಿನ ತುಂಬ ಮಳೆಗೆ ನೆನೆದ ಕಡುಹಸಿರು, ನಡುವೆ ಪುಟ್ಟ ಬಿಳಿ ಚುಕ್ಕೆ. ‘ಅಯ್ಯೋ ಕತ್ತಲು’ ಅಂತ ಮೀಟರ್ ಬೆಳಕು ಏರಿಸುತ್ತದೆ. ಹಸಿರು ಚೆಂದವಾಗುತ್ತದೆ, ಹಕ್ಕಿ ಸುಣ್ಣ ಬಳಿದ ಹಾಗೆ ಆಗುತ್ತದೆ, ಗರಿಯ ಒಂದು ಗೆರೆಯೂ ಉಳಿಯುವುದಿಲ್ಲ. ಅಲ್ಲಿ ಮೈನಸ್ 1 ಬೇಕು. ಅದೇ ಹಕ್ಕಿ ಎದ್ದು ಮೋಡದ ಬಿಳಿ ಆಕಾಶಕ್ಕೆ ಬಂದರೆ ಲೆಕ್ಕ ಪೂರ್ತಿ ಉಲ್ಟಾ. ಈಗ ಮೀಟರ್ ಬೆಳಕು ಇಳಿಸುತ್ತದೆ, ಬೆಳ್ಳಕ್ಕಿ ಕಾಗೆಯ ಬಣ್ಣಕ್ಕೆ ಹತ್ತಿರವಾಗುತ್ತದೆ. ಅಲ್ಲಿ ಪ್ಲಸ್ 1, ಕೆಲವೊಮ್ಮೆ ಅದಕ್ಕೂ ಜಾಸ್ತಿ.

ಮಂಡಗದ್ದೆಯಿಂದ ಇದೇ ರಸ್ತೆಯಲ್ಲಿ ಶಿವಮೊಗ್ಗದ ಕಡೆಗೆ ಬಂದರೆ ಸಕ್ರೆಬೈಲು ಆನೆ ಬಿಡಾರ. ಗಾಜನೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಬೆಳಗ್ಗೆ ಆನೆಗಳ ಸ್ನಾನ. ಮಾವುತ ಮೈ ಉಜ್ಜುತ್ತಿರುವಾಗ ಹತ್ತಿರದಿಂದ ತೆಗೆದರೆ ಫ್ರೇಮಿನ ತುಂಬ ಒದ್ದೆ ಕಪ್ಪು ಚರ್ಮ. ಮೀಟರ್ ಅದನ್ನೂ ಬೂದು ಮಾಡಲು ಹೋಗುತ್ತದೆ, ಆನೆ ಬೂದಿ ಬಳಿದುಕೊಂಡ ಹಾಗೆ ಕಾಣುತ್ತದೆ. ಇಲ್ಲೂ ಮೈನಸ್ಸೇ. ಅಂದರೆ ಬಿಳಿ ಹಕ್ಕಿಗೂ ಮೈನಸ್, ಕಪ್ಪು ಆನೆಗೂ ಮೈನಸ್! ಪ್ರಾಣಿಯ ಬಣ್ಣ ನೋಡಿ ನಿರ್ಧರಿಸುವುದಲ್ಲ ಇದು. ಫ್ರೇಮಿನಲ್ಲಿ ಜಾಸ್ತಿ ಜಾಗ ಹಿಡಿದಿರುವುದು ಯಾವುದು ಅಂತ ನೋಡಬೇಕು.

ಹೀಗೆ ಕ್ಷಣಕ್ಕೊಂದು ಬೇಡುವ ಅಂಕಿಯನ್ನು ಮೋಡ್‌ನಲ್ಲಿ ಉಳಿಸಿ ಏನು ಪ್ರಯೋಜನ? ಅದನ್ನು ಸೊನ್ನೆಗೆ ತಂದು ಉಳಿಸಿ, ಹೆಬ್ಬೆರಳಿಗೆ ಸಿಗುವ ಡಯಲ್‌ಗೆ ಬಿಟ್ಟುಕೊಡಿ. ಹಳೆಯ ಕೆಲವು ಕ್ಯಾನನ್‌ಗಳಲ್ಲಿ ಮ್ಯಾನ್ಯುಯಲ್ ಜೊತೆ ಆಟೋ ಐಎಸ್‌ಒ ಹಾಕಿದರೆ ಕಾಂಪನ್ಸೇಶನ್ ಕೆಲಸವನ್ನೇ ಮಾಡುವುದಿಲ್ಲ. ನಿಮ್ಮದು ಅಂಥದ್ದಾದರೆ ಸಿ1ನ್ನು ಮ್ಯಾನ್ಯುಯಲ್ ಬದಲು ಶಟರ್ ಪ್ರಯಾರಿಟಿಯಲ್ಲಿ, ಅಂದರೆ ಡಯಲ್ ಮೇಲೆ ‘ಟಿವಿ’ (Tv) ಅಂತ ಬರೆದಿರುವ ಮೋಡ್‌ನಲ್ಲಿ ಕಟ್ಟಿಕೊಳ್ಳಿ.

ಸಿ2 ಕೂತ ಹಕ್ಕಿಗೆ, ತೋಟದ ಕತ್ತಲಿಗೆ. ಅಡಿಕೆ ತೋಟದ ಒಳಗೆ ಮಧ್ಯಾಹ್ನ ಹನ್ನೆರಡಕ್ಕೂ ಬೆಳಕು ಕಡಿಮೆ. ಶಟರ್ 1/320, ಅಪರ್ಚರ್ ಪೂರ್ತಿ ತೆರೆದು, ಆಟೋ ಐಎಸ್‌ಒ, ಫೋಕಸ್‌ಗೆ ಒಂದೇ ಸಣ್ಣ ಬಿಂದು. ಎಲೆಗಳ ಸಂದಿನಲ್ಲಿ ಕಣ್ಣಿಗೆ ಮಾತ್ರ ಫೋಕಸ್ ಹಿಡಿಯಬೇಕಾದರೆ ಗುಂಪು ಬಿಂದು ಆಗುವುದಿಲ್ಲ, ಅದು ಮುಂದಿನ ಎಲೆಗೆ ಅಂಟಿಕೊಳ್ಳುತ್ತದೆ. ಡ್ರೈವ್ ನಿಧಾನದ ಸಾಲು.

ಸಿ1 ಮತ್ತು ಸಿ2 ಡಯಲ್ ಮೇಲೆ ಅಕ್ಕಪಕ್ಕ ಇರುವುದನ್ನು ಬಳಸಿಕೊಳ್ಳಬೇಕು. ಗೋಳಿ ಮರದಲ್ಲಿ ಮಂಗಟ್ಟೆ ಹಣ್ಣು ತಿನ್ನುತ್ತಾ ಕೂತಿದೆ, ನೀವು ಸಿ2ರಲ್ಲಿದ್ದೀರಿ. ಅದು ಕುತ್ತಿಗೆ ಮುಂದೆ ಚಾಚಿ, ಮೈ ಒಂದಿಷ್ಟು ಬಗ್ಗಿಸಿತು ಅಂದರೆ ಹಾರುವ ಹೊತ್ತು ಬಂತು. ಕಣ್ಣು ವ್ಯೂಫೈಂಡರಿನಲ್ಲೇ ಇರಲಿ, ಎಡಗೈ ಲೆನ್ಸ್ ಹಿಡಿದಿರಲಿ, ಒಂದು ಕಟ್. ಡಯಲ್ ಬಲಗಡೆ ಇರುವ ಕ್ಯಾಮೆರಾದಲ್ಲಿ ಹೆಬ್ಬೆರಳು ಸಾಕು. ಕೆಲವು ಡಯಲ್‌ಗಳ ನಡುವೆ ಬೀಗದ ಗುಂಡಿ ಇರುತ್ತದೆ, ಅದನ್ನು ಒತ್ತಿಕೊಂಡೇ ತಿರುಗಿಸಬೇಕು. ಮನೆಯಲ್ಲಿ ಟಿವಿ ನೋಡುವಾಗ ಇದನ್ನು ಅಭ್ಯಾಸ ಮಾಡಿ. ನಗಬೇಡಿ, ನಿಜವಾಗಿ ಹೇಳುತ್ತಿದ್ದೇನೆ. ತೋಟದಲ್ಲಿ ಹಾರುವ ಓತಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿ ಹೋಗುವುದನ್ನು ನೋಡಿದವರಿಗೆ ಗೊತ್ತು, ಕಣ್ಣು ಮಿಟುಕಿಸಿದರೆ ಮುಗಿಯಿತು.

ಸಿ3 ಯಕ್ಷಗಾನಕ್ಕೆ. ಇಲ್ಲಿ ಮೇಲೆ ಹೇಳಿದ ನಿಯಮ ತಿರುಗಿ ನಿಲ್ಲುತ್ತದೆ, ಯಾಕೆಂದರೆ ರಂಗದ ಬೆಳಕು ಮೋಡದ ಬೆಳಕಿನ ಹಾಗೆ ಆಟ ಆಡುವುದಿಲ್ಲ. ದೀಪ ಕಟ್ಟಿದ ಮೇಲೆ ಬೆಳಗಿನ ತನಕ ಹೆಚ್ಚುಕಮ್ಮಿ ಅಷ್ಟೇ. ಬದಲಾಗುವುದು ವೇಷ. ಹಿಂದೆ ಕಪ್ಪು ಪರದೆ, ಮುಂದೆ ಥಳಥಳ ಹೊಳೆಯುವ ಕಿರೀಟ, ಭುಜಕೀರ್ತಿ. ಆಟೋ ಐಎಸ್‌ಒ ಬಿಟ್ಟರೆ ಪರದೆ ನೋಡಿ ಒಮ್ಮೆ ಏರುತ್ತದೆ, ಕಿರೀಟ ನೋಡಿ ಒಮ್ಮೆ ಇಳಿಯುತ್ತದೆ. ಹಾಗಾಗಿ ಸಿ3ರಲ್ಲಿ ಎಲ್ಲವೂ ಕೈಯಲ್ಲೇ: ಶಟರ್ 1/250, ಅಪರ್ಚರ್ ಎಫ್ 2.8, ಐಎಸ್‌ಒ 3200 ಅಥವಾ 6400. ಸಾಧಾರಣ ಕುಣಿತಕ್ಕೆ ಇದು ಸಾಕು. ಗಿರಗಿರನೆ ಸುತ್ತುತ್ತಾ ನೆಗೆಯುವ ಧೀಂಗಿಣಕ್ಕೆ 1/500 ಬೇಕು. ವೈಟ್ ಬ್ಯಾಲೆನ್ಸನ್ನು ಹಳದಿ ಹ್ಯಾಲೊಜನ್ ದೀಪ ಇದ್ದರೆ ಸುಮಾರು 3200 ಕೆಲ್ವಿನ್‌ಗೆ ಕಟ್ಟಿ. ಎಲ್‌ಇಡಿ ಆದರೆ ಭಾಗವತರು ಪದ ಎತ್ತಿಕೊಳ್ಳುವ ಹೊತ್ತಿಗೆ ಅವರ ಬಿಳಿ ಪಂಚೆಯದೇ ಒಂದೆರಡು ಫೋಟೊ ತೆಗೆದು ನೋಡಿ ಸರಿ ಮಾಡಿಕೊಳ್ಳಿ.

ರಂಗದಲ್ಲಿ ಇನ್ನೊಂದು ಕಾಟ ಇದೆ. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು ಮತ್ತು ಕಡಿಮೆ ದರ್ಜೆಯ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, 1/500 ಶಟರಿಗೆ ಕಾಣುತ್ತದೆ. ಸಾಲಾಗಿ ಐದು ಫೋಟೊ ತೆಗೆದರೆ ಎರಡು ಬೆಳ್ಳಗೆ, ಮೂರು ಮಂಕು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿದ್ದರೆ ಇನ್ನೂ ಕೆಟ್ಟದು, ಫೋಟೊದ ಮೇಲೆ ಪಟ್ಟಿ ಪಟ್ಟಿ ಬೀಳುತ್ತದೆ. ಅದಕ್ಕೇ ಸಿ3ರಲ್ಲಿ ಮೆಕ್ಯಾನಿಕಲ್ ಶಟರನ್ನೇ ಉಳಿಸಿ. ಆಂಟಿ-ಫ್ಲಿಕರ್ ಅನ್ನುವ ಆಯ್ಕೆ ಇದ್ದರೆ ಆನ್ ಮಾಡಿಟ್ಟು ಉಳಿಸಿ. ದೀಪ ಪೂರ್ತಿ ಬೆಳಗುವ ಕ್ಷಣ ಕಾದು ಶಟರ್ ಬಿಡುವ ಈ ಉಪಾಯ 2014ರಲ್ಲಿ ಬಂದ ಕ್ಯಾನನ್ 7ಡಿ ಮಾರ್ಕ್ 2ರಲ್ಲೇ ಇತ್ತು. ಇಲ್ಲದಿದ್ದರೆ ವೇಷ ನಿಂತ ಹೊತ್ತಿನಲ್ಲಿ 1/100ಕ್ಕೆ ಇಳಿಯಿರಿ. ಅಷ್ಟು ಹೊತ್ತಿನಲ್ಲಿ ಒಂದು ಪೂರ್ತಿ ಮಿನುಗು ಒಳಗೆ ಬರುತ್ತದೆ, ಏರುಪೇರು ಕಾಣುವುದಿಲ್ಲ.

ಜೋಗಕ್ಕೆ ಒಂದು ಮೋಡ್ ಬೇಡವಾ ಅಂತ ಹಲವರು ಕೇಳಿದ್ದಾರೆ. ಬೇಡ. 253 ಮೀಟರ್ ಎತ್ತರದಿಂದ ಬೀಳುವ ರಾಜ ಎಲ್ಲಿಗೂ ಓಡಿ ಹೋಗುವುದಿಲ್ಲ. ಟ್ರೈಪಾಡ್ ನಿಲ್ಲಿಸಿ, ಐಎಸ್‌ಒ 100, ಎಫ್ 11, ಅರ್ಧ ಸೆಕೆಂಡು, ಎರಡು ಸೆಕೆಂಡಿನ ಟೈಮರ್ ಅಂತ ಒಂದೊಂದಾಗಿ ಹಾಕಿಕೊಳ್ಳಲು ಬೇಕಾದಷ್ಟು ಸಮಯ ಇದೆ. ಲಿಂಗನಮಕ್ಕಿಯಿಂದ ನೀರು ಬಿಟ್ಟಿದ್ದಾರಾ ಇಲ್ಲವಾ ಅನ್ನುವುದು ಅಲ್ಲಿ ನಿಮ್ಮ ಸೆಟಿಂಗಿಗಿಂತ ದೊಡ್ಡ ವಿಷಯ. ಇರುವ ಎರಡು ಮೂರು ಜಾಗಗಳನ್ನು ಕಾಯದೇ ಇರುವ ವಿಷಯಗಳಿಗೆ ಕೊಡಿ.

ಉಳಿಸುವ ದಾರಿ

ಕ್ಯಾನನ್‌ನಲ್ಲಿ ಮೊದಲು ಮಾಮೂಲಿ ಎಂ ಅಥವಾ ಟಿವಿ ಮೋಡ್‌ನಲ್ಲಿ ನಿಂತು ಎಲ್ಲವನ್ನೂ ಹೊಂದಿಸಿಕೊಳ್ಳಿ. ಆಮೇಲೆ ಮೆನುವಿನಲ್ಲಿ ಸ್ಪ್ಯಾನರ್ ಚಿತ್ರದ ಪುಟಗಳಿಗೆ ಹೋಗಿ. ‘ಕಸ್ಟಮ್ ಶೂಟಿಂಗ್ ಮೋಡ್’ ಸಿಗುತ್ತದೆ. ಅದರೊಳಗೆ ‘ರಿಜಿಸ್ಟರ್ ಸೆಟಿಂಗ್ಸ್’, ಆಮೇಲೆ ಸಿ1, ಓಕೆ. ನಿಕಾನ್‌ನಲ್ಲಿ ಸೆಟಪ್ ಮೆನುವಿನ ‘ಸೇವ್ ಯೂಸರ್ ಸೆಟಿಂಗ್ಸ್’. 2010ರ ಡಿ7000 ಕಾಲದಿಂದಲೂ ಇದೇ ಹೆಸರು. ಆದರೆ ಡಿ500, ಡಿ850ಯಂಥ ದೊಡ್ಡ ಬಾಡಿಗಳಲ್ಲಿ ಯು1, ಯು2 ಇಲ್ಲವೇ ಇಲ್ಲ. ಅಲ್ಲಿ ಇರುವುದು ‘ಮೆನು ಬ್ಯಾಂಕ್’. ಅದು ಸ್ವಲ್ಪ ಕಿರಿಕಿರಿ, ನೀವು ಮಾಡಿದ ಬದಲಾವಣೆಯೆಲ್ಲ ಆ ಬ್ಯಾಂಕಿನೊಳಗೇ ಉಳಿದುಬಿಡುತ್ತದೆ. ಸೋನಿಯಲ್ಲಿ ‘ಮೆಮೊರಿ’ ಅನ್ನುವ ಆಯ್ಕೆ. ಡಯಲ್‌ನ 1, 2, 3 ಕ್ಯಾಮೆರಾದೊಳಗೆ ಉಳಿಯುತ್ತವೆ, ಎಂ1ರಿಂದ ಎಂ4 ಮಾತ್ರ ಮೆಮೊರಿ ಕಾರ್ಡಿನಲ್ಲಿ. ಕಾರ್ಡ್ ಬದಲಿಸಿದಿರೋ, ಅವೂ ಹೋದವು. ಫ್ಯೂಜಿಯ ಎಕ್ಸ್-ಎಸ್10ರಂಥವುಗಳ ಡಯಲ್ ಮೇಲೆ ಸಿ1ರಿಂದ ಸಿ4 ಇದೆ. ಶಟರ್, ಅಪರ್ಚರ್ ಎಲ್ಲ ಕೈಯಲ್ಲೇ ತಿರುಗಿಸುವ ಫ್ಯೂಜಿಗಳಲ್ಲಿ ಮಾತ್ರ ಡಯಲ್ ಎಲ್ಲಿ ನಿಂತಿದೆಯೋ ಅದೇ ಸತ್ಯ.

ಉಳಿಯದೇ ಇರುವುದೂ ಇದೆ. ಲೆನ್ಸ್ ಮೇಲಿನ ಸ್ವಿಚ್‌ಗಳು ನಿಮ್ಮ ಬೆರಳಿನ ಮಾತು ಮಾತ್ರ ಕೇಳುತ್ತವೆ. ಎಎಫ್–ಎಂಎಫ್ ಸ್ವಿಚ್ ಎಂಎಫ್‌ನಲ್ಲಿ, ಅಂದರೆ ಕೈಯಾರೆ ಫೋಕಸ್ ಮಾಡುವ ಕಡೆ ಕೂತಿದ್ದರೆ ಸಿ1ಗೆ ಏನು ಮಾಡಲೂ ಆಗುವುದಿಲ್ಲ. ಟ್ರೈಪಾಡ್ ಮೇಲೆ ಆಫ್ ಮಾಡಿದ ಸ್ಟೆಬಿಲೈಸರ್ ಸ್ವಿಚ್ಚೂ ಹಾಗೇ. ಜೂಮ್ ಅಂತೂ ಕೇಳುವುದೇ ಬೇಡ.

ಇನ್ನೊಂದು ತಲೆನೋವು ‘ಆಟೋ ಅಪ್‌ಡೇಟ್’. ಕ್ಯಾನನ್‌ನ ಅದೇ ಪುಟದಲ್ಲಿರುತ್ತದೆ. ಆನ್ ಮಾಡಿದರೆ ನೀವು ಸಿ1ರಲ್ಲಿದ್ದಾಗ ಏನು ಬದಲಿಸಿದರೂ ಅದೇ ಹೊಸ ಸಿ1 ಆಗುತ್ತದೆ. ಆಫ್ ಇದ್ದರೆ ಡಯಲ್ ತಿರುಗಿಸಿದಾಗ ಅಥವಾ ಕ್ಯಾಮೆರಾ ಆಫ್ ಮಾಡಿದಾಗ ಮೊದಲು ಉಳಿಸಿದ್ದಕ್ಕೇ ವಾಪಸ್. ನಾನು ಆಫ್ ಇಡುತ್ತೇನೆ. ಮಾಣಿಗೆ ಒಂದು ದಿನ ‘ಇವತ್ತು ಕಾಫಿ ಬೇಡ, ಕಷಾಯ ಕೊಡು’ ಅಂದ ಮಾತ್ರಕ್ಕೆ ನಾಳೆಯಿಂದ ಕಷಾಯವೇ ಮಾಮೂಲಿ ಆಗಬಾರದಲ್ವಾ? ಆದರೆ ಆಫ್ ಇಟ್ಟರೂ ಒಂದು ಕಾಟ ಇದೆ. ಕೆಲವು ಕ್ಯಾಮೆರಾಗಳು ಬ್ಯಾಟರಿ ಉಳಿಸಲೆಂದು ಒಂದು ನಿಮಿಷಕ್ಕೇ ನಿದ್ದೆ ಹೋಗುತ್ತವೆ, ಎದ್ದಾಗ ನೀವು ಮಾಡಿದ ಸಣ್ಣ ಬದಲಾವಣೆಗಳನ್ನು ಮರೆತಿರುತ್ತವೆ. ಬೆಳ್ಳಕ್ಕಿಗೆ ಅಂತ ಹಾಕಿದ ಮೈನಸ್ 1 ನಿಮಗೆ ಗೊತ್ತಿಲ್ಲದೇ ಸೊನ್ನೆಗೆ ಬಂದಿರುತ್ತದೆ. ಆಟೋ ಪವರ್ ಆಫ್ ಸಮಯವನ್ನು ಐದು ಹತ್ತು ನಿಮಿಷಕ್ಕೆ ಏರಿಸಿ, ಒಂದು ಬ್ಯಾಟರಿ ಜಾಸ್ತಿ ಇಟ್ಟುಕೊಳ್ಳಿ.

ಹಿಂದಿನ ಗುಂಡಿಯಿಂದ ಫೋಕಸ್ ಮಾಡುವ ಅಭ್ಯಾಸ ಇದ್ದರೆ ಮೂರು ಮೋಡ್‌ಗಳಲ್ಲೂ ಅದನ್ನೇ ಉಳಿಸಿ. ಒಂದರಲ್ಲಿ ಹೆಬ್ಬೆರಳು, ಇನ್ನೊಂದರಲ್ಲಿ ತೋರುಬೆರಳು ಅಂತಾದರೆ ಹಕ್ಕಿ ಎದುರಿಗೆ ಬಂದಾಗ ಬೆರಳುಗಳು ಜಗಳಕ್ಕೆ ನಿಲ್ಲುತ್ತವೆ.

ಕ್ಯಾನನ್ 1500ಡಿ, ನಿಕಾನ್ ಡಿ3500ರಂಥ ಕ್ಯಾಮೆರಾಗಳಲ್ಲಿ ಕಸ್ಟಮ್ ಮೋಡ್ ಇಲ್ಲ. ಬೇಜಾರು ಬೇಡ, ಅರ್ಧ ಕೆಲಸ ಆಗುವ ಉಪಾಯ ಇದೆ. ಕೆಲವು ಕ್ಯಾಮೆರಾಗಳಲ್ಲಿ ಎಂ ಮೋಡ್ ತನ್ನ ಶಟರ್, ಅಪರ್ಚರ್ ಅಂಕಿಗಳನ್ನು ನೆನಪಿಟ್ಟುಕೊಳ್ಳುತ್ತದೆ. ಅದನ್ನು ರಂಗಕ್ಕೆ ಮೀಸಲಿಡಿ. ಶಟರ್ ಪ್ರಯಾರಿಟಿಯನ್ನು 1/2000ಕ್ಕೆ ಹಾಕಿ ಹಕ್ಕಿಗೆ ಮಾತ್ರ ಬಳಸಿ. ಐಎಸ್‌ಒ, ಫೋಕಸ್ ರೀತಿ, ವೈಟ್ ಬ್ಯಾಲೆನ್ಸ್ ಮಾತ್ರ ಎಲ್ಲ ಮೋಡ್‌ಗೂ ಒಂದೇ, ಅವನ್ನು ಕೈಯಾರೆ ಬದಲಿಸಬೇಕು. ನನ್ನ ನೀಲಿ ಬೆಳ್ಳಕ್ಕಿಯನ್ನು ಆಗ ನೆನೆಸಿಕೊಳ್ಳಿ.

ಕ್ಯಾಮೆರಾ ರಿಪೇರಿಗೆ ಹೋಗಿ ಬಂದರೆ ಅಥವಾ ನೀವೇ ಪೂರ್ತಿ ರಿಸೆಟ್ ಒತ್ತಿದರೆ ಕಲಿಸಿದ್ದೆಲ್ಲ ಅಳಿಸಿ ಹೋಗಿರಬಹುದು. ಒಂದೊಂದು ಮೋಡಿನ ಸ್ಕ್ರೀನನ್ನು ಮೊಬೈಲಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿ. ನಾನು ಮೊದಲು ಚೀಟಿಯಲ್ಲಿ ಬರೆದು ಬ್ಯಾಗಿನಲ್ಲಿ ಇಟ್ಟಿದ್ದೆ. ಒಂದು ಮಳೆಗಾಲಕ್ಕೇ ಅದು ಹಪ್ಪಳವಾಯಿತು.

ಸರಿಯಾಗಿ ಉಳಿದಿದೆಯಾ ಅಂತ ತಿಳಿಯಲು ಮಂಡಗದ್ದೆಗೇ ಹೋಗಬೇಕಾಗಿಲ್ಲ. ಮನೆಯ ಸೀಲಿಂಗ್ ಫ್ಯಾನ್ ಪೂರ್ತಿ ಜೋರಿಗೆ ಹಾಕಿ, ಕ್ಯಾಮೆರಾ ಒಂದು ಸಲ ಆಫ್ ಮಾಡಿ ಆನ್ ಮಾಡಿ. ಡಯಲ್ ಸಿ1ಕ್ಕೆ ತಿರುಗಿಸಿ ಒಂದು ಫೋಟೊ. ಫ್ಯಾನಿನ ರೆಕ್ಕೆ ಹೆಚ್ಚುಕಮ್ಮಿ ನಿಂತ ಹಾಗೆ ಕಾಣಬೇಕು. ಕೋಣೆಯ ಬೆಳಕಿಗೆ ಫೋಟೊ ಕಪ್ಪಗೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಆಮೇಲೆ ಸಿ2ಕ್ಕೆ ತಿರುಗಿಸಿ ಇನ್ನೊಂದು. ಈಗ ಅದೇ ಫ್ಯಾನಿನ ತುದಿಗಳು ಕಲಸಿಹೋಗಿರಬೇಕು. ತಂಗಿಯ ಮಗ ಹೀಗೆ ಮಾಡಿದಾಗ ಅವನ ಯು1, ಯು2 ಎರಡರಲ್ಲೂ ಫ್ಯಾನ್ ನಿಂತೇ ಇತ್ತು. ಎರಡನೆಯದನ್ನು ಉಳಿಸುವಾಗ ಯು2ರ ಬದಲು ಮತ್ತೆ ಯು1ನ್ನೇ ಒತ್ತಿರಬೇಕು ಅಂದುಕೊಂಡ. ನೋಡಿದರೆ ಮನೆಯಲ್ಲಿ ಕರೆಂಟು ಹೋಗಿತ್ತು, ಫ್ಯಾನ್ ನಿಜವಾಗಿಯೂ ನಿಂತಿತ್ತು.